ಮೂರು ವರ್ಷ ದಾಟಿದ ಮದುವೆಗಳು

ಜೂನ್ 3, ಮಂಗಳವಾರ

ಬಿ.ಪಿ. ನೋಡಿದ ಡಾಕ್ಟರು, "ಜತ್ತಪ್ಪ, ಮನೆಯಲ್ಲಿ ವಾದ ಮಾಡುದನ್ನು ಕಡಿಮೆ ಮಾಡಿ. ಮನಸ್ಸಿನಲ್ಲಿ ಇದ್ದದ್ದನ್ನು ಎಲ್ಲಿಯಾದ್ರೂ ಬರೆದಿಡಿ" ಎಂದಿದ್ದಾರೆ. ಆದ್ದರಿಂದ ಇವತ್ತಿನ ವಾದವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಒಂದು ಅನುಕೂಲವಿದೆ. ಇಲ್ಲಿ ನಾನು ಗೆಲ್ಲಬಹುದು.

ವಾದದ ವಿಷಯ ಎ.ಸಿ. ರೂಮು. ನಮ್ಮ ಮನೆಯಲ್ಲಿ ಎ.ಸಿ. ಇರುವುದು ಒಂದೇ ರೂಮಿಗೆ. ಅದರಲ್ಲಿ ಮನುಷ್ಯರು ಯಾರೂ ಮಲಗುವುದಿಲ್ಲ. ಕುಂಬ್ರ ಜಂಕ್ಷನ್ನಿನಲ್ಲಿ ಮನೆಯ ಮುಂದೆಯೇ ಫೋಟೋ ಸ್ಟುಡಿಯೋ ತೆರೆದ ದಿನದಿಂದ ನಾನು ತೆಗೆದ ಅಷ್ಟೂ ಮದುವೆಗಳು ಹಾರ್ಡ್‌ಡಿಸ್ಕ್‌ಗಳಾಗಿ ಅಲ್ಲಿನ ಕಪಾಟಿನಲ್ಲಿ ತಣ್ಣಗೆ ಕೂತಿವೆ. ಪುತ್ತೂರು ಕಡೆಯವು ಮೇಲಿನ ಹಲಗೆಯಲ್ಲಿ, ಸುಳ್ಯ ಕಡೆಯವು ನಡುವೆ, ಕಡಬ ಕಡೆಯವು ಕೆಳಗೆ. ನಮ್ಮ ಊರಿನ ತೇವಕ್ಕೆ ಚಪ್ಪಲಿ, ಬೆಲ್ಟು, ಲೆನ್ಸು ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಮದುವೆಗಳಿಗೆ ಹಿಡಿಯಬಾರದಲ್ಲ, ಅದಕ್ಕೇ ಎ.ಸಿ. ನಾನೂ ನನ್ನ ಹೆಂಡತಿ ವಾರಿಜಳೂ ಮಲಗುವುದು ಹಾಲ್‌ನಲ್ಲಿ, ಫ್ಯಾನಿನ ಕೆಳಗೆ. ನಮಗೆ ಬೂಷ್ಟು ಹಿಡಿದರೆ ಕೇಳುವ ಗಿರಾಕಿಗಳಿಲ್ಲ.

ಮಗಳು ದೀಕ್ಷಿತಾ ಬಸುರಿ. ಮುಂದಿನ ತಿಂಗಳು ಕಡಬದಲ್ಲಿ ಅವಳ ಗಂಡನ ಮನೆಯಲ್ಲಿ ಬಯಕೆ, ಅಂದರೆ ಸೀಮಂತ. ಬಯಕೆಯ ಊಟ ಮುಗಿಸಿ ಅವಳನ್ನು ಹೆರಿಗೆಗೆ ನಮ್ಮಲ್ಲಿಗೆ ಕರೆದುಕೊಂಡು ಬರುವುದು ಕ್ರಮ. ಆದರೆ ವಿಷು ಹಬ್ಬಕ್ಕೆ ಬಂದಿದ್ದಾಗ ಹಾಲ್‌ನ ಸೆಕೆಯಲ್ಲಿ ಹೊರಳಾಡಿದವಳು ಮರುದಿನವೇ ಹೊರಟುಬಿಟ್ಟಿದ್ದಳು. ಮೆಟ್ಟಿಲು ಇಳಿಯುವಾಗ, "ಅಪ್ಪ, ಈ ಮನೆಯಲ್ಲಿ ಊರಿನವರ ಮದುವೆಗೆಲ್ಲ ಜಾಗ ಉಂಟು. ನನಗೆ ಇಲ್ಲ" ಎಂದಿದ್ದಳು. ತಮಾಷೆಗೆ ಹೇಳಿದ್ದೆಂದು ನಾನು ನಕ್ಕಿದ್ದೆ.

ವಾರಿಜ ನಕ್ಕಿರಲಿಲ್ಲವೆಂದು ಇವತ್ತು ತಿಳಿಯಿತು.

"ಬಯಕೆಯ ಮೊದಲು ಆ ರೂಮು ಖಾಲಿ ಆಗ್ಬೇಕು. ಆಗದಿದ್ರೆ ಅವಳು ಬರುದಿಲ್ಲ. ಬಾಣಂತನ ಮಾಡ್ಲಿಕ್ಕೆ ನಾನೇ ಅಲ್ಲಿಗೆ ಹೋಗುದು."

"ಅಳಿಯನ ಮನೆಗೆ ಹೋಗಿ ಬಾಣಂತನ ಮಾಡಿದವರು ಯಾರಿದ್ದಾರೆ? ಜನ ಎಂತ ಹೇಳಿಯಾರು?"

"ಜತ್ತಪ್ಪನ ಹೆಂಡತಿ ಬಿಟ್ಟು ಹೋದಳು ಅಂತ ಹೇಳಿಯಾರು. ನೀವು ನಿಮ್ಮ ಮದುವೆಗಳೊಟ್ಟಿಗೆ ಆರಾಮ ಇರಿ."

ವಾದ ಮುಗಿಯಿತು. ಇಲ್ಲಿ ಕೂಡ ನಾನು ಗೆಲ್ಲಲಿಲ್ಲ. ಆದರೆ ಗಂಭೀರವಾಗಿ ಯೋಚಿಸಿ ಒಂದು ನಿಯಮ ಮಾಡಿದ್ದೇನೆ: ಯಾವ ಮದುವೆಯ ಕಾಪಿಯನ್ನೂ ಮೂರು ವರ್ಷಕ್ಕಿಂತ ಹೆಚ್ಚು ಇಡುವುದಿಲ್ಲ. ಮೂರೇ ಏಕೆಂದರೆ, ಮದುವೆಯಾಗಿ ಮೂರು ವರ್ಷ ಕಳೆದ ಮೇಲೆ ತಮ್ಮ ವಿಡಿಯೋವನ್ನು ಕೂತು ನೋಡಿದ ದಂಪತಿಯನ್ನು ನಾನು ಈವರೆಗೆ ಕಂಡಿಲ್ಲ.

ಜೂನ್ 6, ಶುಕ್ರವಾರ

ಬೋರ್ಡು ಹಾಕಿದೆ. "ಮದುವೆಯ ಫೋಟೋ, ವಿಡಿಯೋಗಳ ಕಾಪಿಯನ್ನು ಮೂರು ವರ್ಷ ಮಾತ್ರ ಇಡಲಾಗುವುದು. ನಂತರ ಅಳಿಸಲಾಗುವುದು. ಬೇಕಾದವರು ಪೆನ್‌ಡ್ರೈವ್ ತಂದು ಕೊಂಡುಹೋಗಬೇಕು." ಪಕ್ಕದ ಐಸ್‌ಕ್ರೀಮು ಅಂಗಡಿಯ ಸುಲೈಮಾನ್ ಬಂದು ಎರಡು ಸಲ ಓದಿದ.

"ನನ್ನ ಐಸ್‌ಕ್ರೀಮಿಗೆ ಹಾಕಿದ ಹಾಗೆ ನೀವು ಮದುವೆಗೂ ಡೇಟು ಹಾಕಿದ್ರಾ ಜತ್ತಪ್ಪಣ್ಣ?"

"ಮದುವೆಗಲ್ಲ ಮಾರಾಯ, ಅದರ ಕಾಪಿಗೆ."

"ಕಾಪಿಯೇ ಹೋದ್ರೆ ಅಸಲಿಗೆ ಎಂತ ಗ್ಯಾರಂಟಿ?"

ವಿದ್ಯಾವಂತರ ಕೆಲಸವನ್ನು ನೆರೆಕರೆಯವರು ಅರ್ಥ ಮಾಡಿಕೊಳ್ಳುವುದು ಕಷ್ಟ. ಒಂದು ಚೊಕೊಬಾರ್ ತಿಂದು ಸುಮ್ಮನಾದೆ.

ಪೆನ್‌ಡ್ರೈವ್ ಹಿಡಿದುಕೊಂಡು ಯಾರೂ ಬರಲಿಲ್ಲ.

ಜೂನ್ 10, ಮಂಗಳವಾರ

ಮೊದಲ ಮದುವೆಯನ್ನು ಅಳಿಸಿದೆ. ಆಲೆಟ್ಟಿಯ ಚಿನ್ಮಯ, ರಾಮಕುಂಜದ ತೃಷಾ. ಆರು ವರ್ಷದ ಹಿಂದಿನದು. ಒಂದು ಮಾತು ಕೇಳುವುದು ಮರ್ಯಾದೆಯೆಂದು ಚಿನ್ಮಯನಿಗೆ ಫೋನು ಮಾಡಿದೆ.

"ಅಳಿಸಿ ಅಣ್ಣ. ಆಲ್ಬಂ ಉಂಟಲ್ಲ ಮನೆಯಲ್ಲಿ. ಪೆನ್‌ಡ್ರೈವ್ ಹಿಡ್ಕೊಂಡು ಕುಂಬ್ರಕ್ಕೆ ಬರ್ಲಿಕ್ಕೆ ಯಾರಿಗೆ ಪುರುಸೊತ್ತು?"

ಇಷ್ಟು ವರ್ಷದ ಕಸುಬಿನಲ್ಲಿ ನಾನು ತೆಗೆದವನು, ಇಟ್ಟವನು; ಅಳಿಸಿದವನಲ್ಲ. ಡಿಸ್ಕು ಜೋಡಿಸಿ ಡಿಲೀಟ್ ಒತ್ತಿದೆ. ಕಂಪ್ಯೂಟರು "ಖಂಡಿತವಾ?" ಎಂದು ಕೇಳಿತು. ಖಂಡಿತ ಎಂದೆ. ಮೆಹಂದಿ, ಧಾರೆ, ಬೀಗರ ಊಟ, ಕೊನೆಯಲ್ಲಿ ತೃಷಾ ಅತ್ತದ್ದು, ಎಲ್ಲ ಕಣ್ಣೆದುರು ಮಾಯ. ಬಹಳ ಸಲೀಸಾದ ಕೆಲಸ. ಹೀಗೇ ಹೋದರೆ ಬಯಕೆಯ ಮೊದಲೇ ರೂಮು ಖಾಲಿ.

ಜೂನ್ 12, ಗುರುವಾರ

ತೃಷಾ ತವರಿಗೆ ಹೋಗಿದ್ದಾಳೆ.

ಹೇಳಲು ಬಂದವರು ಚಿನ್ಮಯನ ತಾಯಿ ಅಪ್ಪಿಯಕ್ಕ. ಆಲೆಟ್ಟಿಯಿಂದ ಎರಡು ಬಸ್ಸು ಹಿಡಿದು ಬಂದಿದ್ದರು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಮಂಗಳವಾರ ನೀವು ಅಳಿಸಿದ್ದು. ಬುಧವಾರ ಅವಳು ಬ್ಯಾಗು ಹಿಡಿದದ್ದು."

"ಅಪ್ಪಿಯಕ್ಕ, ಅದಕ್ಕೂ ಇದಕ್ಕೂ ಎಂತ ಸಂಬಂಧ? ಮನೆಯಲ್ಲಿ ಎಂತಾದ್ರೂ ಮಾತು ಬಂದಿರ್ಬೇಕು."

"ಬಂದದ್ದು ಹೌದು. ಅವಳ ಅಮ್ಮ ಕಳಿಸಿದ ಕೋಳಿ ಸುಕ್ಕಕ್ಕೆ ಉಪ್ಪು ಕಡಿಮೆ ಅಂತ ಇವನು ಹೇಳಿದ. ಆದ್ರೆ ಮದುವೆಯಾದಾಗಿನಿಂದ ಅವನು ಅದನ್ನೇ ಹೇಳುದು. ಇಷ್ಟು ವರ್ಷ ಹೋಗದವಳು ನಿನ್ನೆ ಯಾಕೆ ಹೋದಳು? ಅದನ್ನು ಹೇಳಿ ನೀವು."

ಇದಕ್ಕೆ ವೈಜ್ಞಾನಿಕವಾದ ಉತ್ತರ ಇದೆ. ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಜೂನ್ 15, ಭಾನುವಾರ

ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಜನ. ಅಪ್ಪಿಯಕ್ಕ ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಹೋದವರಲ್ಲ ಎಂದು ಕಾಣುತ್ತದೆ. ಸುಳ್ಯ ರಸ್ತೆಯುದ್ದಕ್ಕೂ ಸುದ್ದಿಯಾಗಿದೆ: ಜತ್ತಪ್ಪನ ಸ್ಟುಡಿಯೋದಲ್ಲಿ ಡಿಲೀಟಾದ ಮದುವೆ ಮನೆಯಲ್ಲಿ ನಿಲ್ಲುವುದಿಲ್ಲ.

ಎಲ್ಲರದ್ದೂ ಒಂದೇ ಪ್ರಶ್ನೆ. "ನಮ್ಮದು ಉಂಟಲ್ಲ?" ನಾನು ಡಿಸ್ಕು ತಂದು, ಜೋಡಿಸಿ, ಧಾರೆಯ ಜಾಗ ತೋರಿಸುವುದು. ಅವರು ಒಮ್ಮೆ ನೋಡಿ, ಉಸಿರು ಬಿಟ್ಟು, "ಹಾಂ, ಉಂಟು" ಎಂದು ಏಳುವುದು. ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರೆ ಯಾರೂ ಒಪ್ಪುವುದಿಲ್ಲ. "ಬೇಡ ಬೇಡ, ಇದ್ದಲ್ಲೇ ಇರ್ಲಿ. ಅಲುಗಾಡಿಸುದು ಬೇಡ." ಕಡಬ ಕಡೆಯ ಒಬ್ಬರು, ತಮ್ಮದು ಕೆಳಗಿನ ಹಲಗೆಯಲ್ಲಿ ಉಂಟೆಂದು ತಿಳಿದು ಬೇಸರಪಟ್ಟುಕೊಂಡರು, ಮೇಲಕ್ಕೆ ಏರಿಸಲು ಆಗುತ್ತದೆಯೇ ಎಂದು ಎರಡು ಸೌತೆಕಾಯಿ ಇಟ್ಟುಹೋದರು. ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎಂದು ನಾನು ಯಾರಿಗೂ ಹೇಳಿಲ್ಲ. ಎಲ್ಲರೂ ಹೊರಗೇ ಬಿಡುತ್ತಿದ್ದಾರೆ.

ಒಂದು ಡಿಸ್ಕೂ ಕಡಿಮೆಯಾಗಲಿಲ್ಲ. ಸಂಜೆ ವಾರಿಜ ರೂಮಿನ ಬಾಗಿಲಲ್ಲಿ ನಿಂತು ಕಪಾಟನ್ನು ನೋಡಿ ಹೋದಳು. ಬಿ.ಪಿ.ಗೆ ಅದು ವಾದಕ್ಕಿಂತ ಕೆಟ್ಟದ್ದು.

ಜೂನ್ 18, ಬುಧವಾರ

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಚೆನ್ನಪ್ಪ ಬಂದ. ಜಂಕ್ಷನ್ನಿನಲ್ಲೇ ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಹಿಂದೆ ಮುಂದೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದ.

"ನಮ್ಮದು ಒಂದು ಅಳಿಸ್ತೀರಾ?"

"ಯಾಕೆ ಮಾರಾಯ?"

"ಯಾಕೆ ಅಂತ ಉಂಟಾ. ಅವಳೂ ಸ್ವಲ್ಪ ತವರಿಗೆ ಹೋಗಿ ಬರ್ಲಿ ಅಂತ. ಒಂದು ವಾರಕ್ಕೆ ಅಳಿಸಿ ಮತ್ತೆ ಹಾಕ್ಲಿಕ್ಕೆ ಆಗ್ತದಲ್ಲ?"

ಆಗುವುದಿಲ್ಲ ಎಂದು ಕಳಿಸಿದೆ. ನಾಲ್ಕು ಗಂಟೆಯ ಚಹಾಕ್ಕೆ ಏಳುವಾಗ ಅವನ ಹೆಂಡತಿ ಬಂದರು. ಅವರೂ ಹಿಂದೆ ಮುಂದೆ ನೋಡಿದರು.

"ಜತ್ತಪ್ಪಣ್ಣ, ಪೂರ್ತಿ ಬೇಡ. ಅವರನ್ನು ಮಾತ್ರ ತೆಗೆದು ನನ್ನನ್ನು ಇಡ್ಲಿಕ್ಕೆ ಆಗುದಿಲ್ವಾ?"

ಹಾಗೆ ಒಬ್ಬರೇ ಇರುವ ಮದುವೆ ನನ್ನಲ್ಲಿ ಇಲ್ಲ ಎಂದೆ. "ಅದು ಹೌದು. ಸೀರೆ ಒಳ್ಳೆದಿತ್ತು, ಅದಕ್ಕೆ ಕೇಳಿದ್ದು" ಎಂದು ಹೋದರು.

ಜೂನ್ 20, ಶುಕ್ರವಾರ

ಇವತ್ತು ಒಂದು ದೊಡ್ಡ ಕೆಲಸವಾಯಿತು. ಆದದ್ದು ಆದ ಹಾಗೆ ಬರೆಯುತ್ತೇನೆ.

ಸ್ಟುಡಿಯೋ ತುಂಬ ಜನ. ಬೆಂಚಿನಲ್ಲಿ ಜಾಗವಿಲ್ಲದೆ ಬಾಗಿಲಲ್ಲೂ ನಿಂತಿದ್ದರು. ಇದೇ ಸಮಯವೆಂದು ನಾನು ಒಂದು ಸಣ್ಣ ಭಾಷಣ ಮಾಡಿದೆ. ಮದುವೆ ಇರುವುದು ಮನುಷ್ಯರಲ್ಲಿ, ಡಿಸ್ಕಿನಲ್ಲಿ ಅಲ್ಲ. ಅಳಿಸಿದರೆ ಹೋಗುವುದು ಚಿತ್ರ, ಸಂಸಾರವಲ್ಲ. ಇಪ್ಪತ್ತೊಂದನೆಯ ಶತಮಾನ, ಇತ್ಯಾದಿ. ನನಗೇ ಮೆಚ್ಚುಗೆಯಾಗುವ ಹಾಗೆ ಮಾತು ಬಂತು. ಅಷ್ಟರಲ್ಲಿ ಚಹಾದ ಗ್ಲಾಸು ಹಿಡಿದು ಒಳಗಿನಿಂದ ವಾರಿಜ ಬಂದಳು.

"ಹಾಗಾದ್ರೆ ಮೊದಲು ನಮ್ಮದನ್ನು ಅಳಿಸಿ ತೋರಿಸಿ. ಮೂರು ವರ್ಷ ಯಾವಾಗಲೋ ದಾಟಿತಲ್ಲ."

ನಮ್ಮ ಮದುವೆಯದ್ದು ಹಳೆಯ ಕ್ಯಾಸೆಟ್ಟು. ಅದನ್ನು ಡಿಸ್ಕಿಗೆ ಇಳಿಸುವ ಹೊತ್ತಿಗಾಗಲೇ ಬೂಷ್ಟು ಹಿಡಿದಿತ್ತು. ಧಾರೆಯ ಜಾಗದಲ್ಲಿ ಇಡೀ ಮಂಟಪಕ್ಕೆ ಅಡ್ಡಡ್ಡ ಗೆರೆ. ನನ್ನ ಮುಖ ಕಾಣುವುದೇ ಇಲ್ಲ, ವಾರಿಜಳ ಒಂದು ಕಿವಿ ಕಾಣುತ್ತದೆ. ಹಾಗಿದ್ದರೂ ಅದು ಒಂದೇ ಇರುವುದು. ಇನ್ನೊಂದು ಕಾಪಿ ಇಲ್ಲ.

ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ವಿಜ್ಞಾನದ ಪರವಾಗಿ ಮಾತಾಡಿದವನು ಹಿಂದೆ ಸರಿಯುವಂತಿರಲಿಲ್ಲ. ಒತ್ತಿದೆ. ಖಂಡಿತವಾ ಎಂದು ಕೇಳಿತು. ಖಂಡಿತ ಎಂದೆ. ಹೋಯಿತು.

ಎಲ್ಲರ ಕಣ್ಣು ವಾರಿಜಳ ಮೇಲೆ. ಅವಳು ಖಾಲಿ ಗ್ಲಾಸುಗಳನ್ನು ಒಟ್ಟುಮಾಡಿ ಒಳಗೆ ಹೊರಟಳು.

"ಹೋದ್ರು," ಎಂದ ಬಾಗಿಲಲ್ಲಿದ್ದ ಸುಲೈಮಾನ್.

"ಅಡಿಗೆಮನೆಗೆ ಮಾರಾಯ."

ಜೂನ್ 21, ಶನಿವಾರ

ಅಳಿಸಿದ ಮೇಲೂ ಮದುವೆ ನಿಲ್ಲುತ್ತದೆಯೇ ಎಂಬುದು ಈಗ ಒಂದು ಪ್ರಯೋಗ. ಪ್ರಯೋಗದಲ್ಲಿ ಹೊರಗಿನ ಕಾರಣಗಳು ನುಸುಳಬಾರದು. ವಾರಿಜ ಸಿಟ್ಟಾದರೆ, ಅದು ಡಿಲೀಟ್ ಮಾಡಿದ್ದರಿಂದಲೋ, ನಾನು ಒದ್ದೆ ಟವೆಲನ್ನು ಮಂಚದ ಮೇಲೆ ಬಿಸಾಡಿದ್ದರಿಂದಲೋ ಎಂದು ತಿಳಿಯುವುದು ಹೇಗೆ? ಆದ್ದರಿಂದ ಟವೆಲನ್ನು ಹಗ್ಗಕ್ಕೆ ಹಾಕಿದೆ. ಕೇವಲ ಪ್ರಯೋಗದ ಶುದ್ಧತೆಗಾಗಿ.

ಜೂನ್ 22, ಭಾನುವಾರ

ಮೀನು ಸಾರಿಗೆ ಉಪ್ಪು ಕಡಿಮೆ ಇತ್ತು. ಹೇಳಲಿಲ್ಲ.

ಜೂನ್ 23, ಸೋಮವಾರ

ತೆಂಗಿನಕಾಯಿ ತುರಿದುಕೊಟ್ಟೆ. ಬೆರಳನ್ನೂ ಸ್ವಲ್ಪ ತುರಿದುಕೊಂಡೆ. ಹೇಳಲಿಲ್ಲ.

ಜೂನ್ 26, ಗುರುವಾರ

ಪುತ್ತೂರಿಗೆ ಹೋದವನು ಒಂದು ಚೆಂಡು ಮಲ್ಲಿಗೆ ತಂದೆ. ವಾರಿಜ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಬಿ.ಪಿ.ಯ ಮಾತ್ರೆ ಬದಲಾಯಿತಾ?"

"ಇಲ್ಲ."

"ಮತ್ತೆ ಎಂತ?"

"ಕಡಿಮೆಗೆ ಸಿಕ್ಕಿತು."

ಪ್ರಯೋಗದ ವಿಷಯ ಅವಳಿಗೆ ಹೇಳುವಂತಿಲ್ಲ. ಹೇಳಿದರೆ ಫಲಿತಾಂಶ ಕೆಡುತ್ತದೆ. ಸಂಜೆ ಚಹಾ ನಾನೇ ಮಾಡಿದೆ. ಅವಳು ಒಂದು ಗುಟುಕು ಕುಡಿದು ಇಟ್ಟಳು. ನಾನು ಸಕ್ಕರೆ ಹಾಕಿದ್ದೆ; ಅವಳು ಸಕ್ಕರೆ ಹಾಕುವುದಿಲ್ಲವಂತೆ. ಯಾವಾಗಿನಿಂದ ಎಂದು ಕೇಳಿದೆ. "ದೀಕ್ಷಿ ಹುಟ್ಟಿದ ಮೇಲೆ" ಎಂದಳು. ಪ್ರಯೋಗಕ್ಕೆ ಬೇಕಾದ ಮಾಹಿತಿ, ಬರೆದಿಟ್ಟುಕೊಂಡಿದ್ದೇನೆ. ಆಮೇಲೆ ಅಡಿಗೆಮನೆಯಲ್ಲೇ ಕೂತೆ. ಅವಳು ಬೀನ್ಸು ಮುರಿಯುತ್ತ ಅವಳ ಅಕ್ಕನ ಮನೆಯ ನಾಯಿಯ ಕಥೆ ಹೇಳಿದಳು. ಕಥೆ ಉದ್ದವಿತ್ತು. ನಡುವೆ ಎದ್ದು ಹೋದರೆ ಪ್ರಯೋಗಕ್ಕೆ ತೊಂದರೆಯೆಂದು ಪೂರ್ತಿ ಕೇಳಿದೆ. ನಾಯಿ ಕೊನೆಗೆ ಸಿಕ್ಕಿತು.

ಜೂನ್ 29, ಭಾನುವಾರ

ತೃಷಾ ವಾಪಸು ಬಂದಳು. ಚಿನ್ಮಯ ರಾಮಕುಂಜಕ್ಕೆ ಹೋಗಿ, ಅತ್ತೆ ಮಾಡಿದ ಸುಕ್ಕವನ್ನು ಮೂರು ಸಲ ಹಾಕಿಸಿಕೊಂಡು ತಿಂದು, "ಉಪ್ಪು ಸರಿ ಉಂಟು" ಎಂದನಂತೆ. ಅಷ್ಟೇ. ಡೇಟಾ ಇಲ್ಲದೆಯೇ ಮದುವೆ ಸರಿಯಾಯಿತು. ವಿಜ್ಞಾನ ಗೆದ್ದಿತು ಎಂದು ನಾನು ಎದ್ದು ನಿಲ್ಲುವಷ್ಟರಲ್ಲಿ ಅಪ್ಪಿಯಕ್ಕ ಒಂದು ಹಲಸಿನ ಹಣ್ಣು ಹೊರಿಸಿಕೊಂಡು ಬಂದರು. ಕೈ ಮುಗಿದರು.

"ನಿಮ್ಮದನ್ನು ಕೊಟ್ಟು ನನ್ನ ಮಗನದ್ದನ್ನು ಉಳಿಸಿದ್ರಿ ಜತ್ತಪ್ಪಣ್ಣ. ಯಾರು ಮಾಡ್ತಾರೆ ಈ ಕಾಲದಲ್ಲಿ?"

ಹೀಗೆಂದು ಊರೇ ತೀರ್ಮಾನ ಮಾಡಿಯಾಗಿದೆ. ಒಂದು ಮದುವೆಯ ಬದಲು ಇನ್ನೊಂದು. ಈಗ ಎಲ್ಲರೂ ವಾರಿಜ ಹೋಗುವುದನ್ನು ಕಾಯುತ್ತಿದ್ದಾರೆ. ಬ್ಯಾಂಕಿಗೆಂದು ಅವಳು ಪುತ್ತೂರಿನ ಬಸ್ಸಿಗೆ ನಿಂತರೆ ನನಗೆ ಇಬ್ಬರು ಫೋನು ಮಾಡಿದರು. ಒಬ್ಬರು "ಬ್ಯಾಗು ಸಣ್ಣದೇ" ಎಂದು ಸಮಾಧಾನ ಹೇಳಿದರು.

ನಾನು ನಗುತ್ತ ಉತ್ತರ ಕೊಟ್ಟೆ. ಆಮೇಲೆ ಅವಳು ಬರುವವರೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಲ್ಪ ಕೆಲಸ ಇತ್ತು, ಅಲ್ಲೇ ನಿಂತಿದ್ದೆ. ಎಂತ ಕೆಲಸವೆಂದು ಈಗ ನೆನಪಾಗುತ್ತಿಲ್ಲ.

ಜುಲೈ 3, ಗುರುವಾರ

ಮುಂದಿನ ಬುಧವಾರ ಬಯಕೆ. ಕಪಾಟು ಇದ್ದ ಹಾಗೇ ಇದೆ. ಅಳಿಸಿದರೆ ಊರು ಬಿಡುವುದಿಲ್ಲ, ಅಳಿಸದಿದ್ದರೆ ಮಗಳು ಬರುವುದಿಲ್ಲ, ಮಗಳು ಬರದಿದ್ದರೆ ವಾರಿಜ ನಿಲ್ಲುವುದಿಲ್ಲ. ಸುಲೈಮಾನನ ಅಂಗಡಿಯಲ್ಲಿ ಕೂತು ಇದನ್ನೇ ಹೇಳಿದೆ.

"ನಿಮಗೆ ಬೇಕಾದ್ದು ಎಂತ? ತೇವ ಇಲ್ಲದ ಒಂದು ಪೆಟ್ಟಿಗೆ. ಅಲ್ವಾ?" ಎಂದ. ಮೂಲೆಯಲ್ಲಿ ಕೆಟ್ಟು ಕೂತಿದ್ದ ಐಸ್‌ಕ್ರೀಮಿನ ದೊಡ್ಡ ಫ್ರೀಜರನ್ನು ಕಾಲಿನಿಂದ ತಟ್ಟಿದ. "ಇದರ ಮುಚ್ಚಳದ ರಬ್ಬರು ಹೊಸತು. ಗಾಳಿ ಹೋಗುದಿಲ್ಲ. ಒಳಗೆ ಒಂದು ಸಣ್ಣ ಬಲ್ಬು ಉರಿಸಿದ್ರೆ ಅದರ ಬಿಸಿಗೆ ತೇವ ಆರ್ತದೆ, ನಿಮ್ಮ ಎ.ಸಿ.ಗಿಂತ ಒಳ್ಳೆದು."

ನಾನೇ ಹಿಂದೊಮ್ಮೆ ಹಳೆಯ ಫ್ರಿಜ್ಜಿನಲ್ಲಿ ಬಲ್ಬು ಉರಿಸಿ ಲೆನ್ಸುಗಳನ್ನು ಇಟ್ಟವನು. ಹೊಳೆಯಲಿಲ್ಲವಲ್ಲ.

ಜುಲೈ 5, ಶನಿವಾರ

ಮದುವೆಗಳನ್ನೆಲ್ಲ ಸುಲೈಮಾನನ ಅಂಗಡಿಯ ಫ್ರೀಜರಿಗೆ ಸಾಗಿಸಿದೆವು. ಅದರ ಒಳಗಿನ ಖಾನೆಗಳಿಗೆ ಮೊದಲೇ ಚೀಟಿ ಅಂಟಿಸಿದ್ದರಿಂದ ಹೊಸತಾಗಿ ಬರೆಯುವ ಕೆಲಸವಿರಲಿಲ್ಲ. ಪುತ್ತೂರು ಕಡೆಯವು ವೆನಿಲಾದಲ್ಲಿ, ಸುಳ್ಯ ಕಡೆಯವು ಮ್ಯಾಂಗೋದಲ್ಲಿ, ಕಡಬದವು ಪಿಸ್ತಾದಲ್ಲಿ. ಗಾಜಿನ ಮುಚ್ಚಳ, ಒಳಗೆ ಹಳದಿ ಬೆಳಕು. ಮಧ್ಯಾಹ್ನದೊಳಗೆ ಜನ ಬಂದು ಬಗ್ಗಿ ಬಗ್ಗಿ ನೋಡಿದರು. ಒಪ್ಪಿಗೆಯಾಯಿತು. ದೀಪ ಇಟ್ಟದ್ದು ಎಲ್ಲರಿಗೂ ಸಮಾಧಾನ ತಂದಿದೆ. ಕರೆಂಟು ಹೋದರೆ ಎಂತ ಮಾಡುವುದೆಂದು ಒಬ್ಬರು ಕೇಳಿದರು. ಸುಲೈಮಾನನ ಹೆಂಡತಿ ಆಸಿಯಾ, "ನಮ್ಮದೂ ವೆನಿಲಾದಲ್ಲಿ ಉಂಟು. ನಾನು ನೋಡಿಕೊಳ್ತೇನೆ" ಎಂದರು.

ಬೋರ್ಡನ್ನೂ ಬದಲಾಯಿಸಿದೆ. "ಕಾಪಿಯನ್ನು ಮೂರು ವರ್ಷ ಇಡಲಾಗುವುದು. ನಂತರ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದು ಹೇಳಿದರೆ ಮಾತ್ರ ಅಳಿಸಲಾಗುವುದು."

ಸಂಜೆ ಚೆನ್ನಪ್ಪ ಮತ್ತು ಅವನ ಹೆಂಡತಿ ಒಟ್ಟಿಗೆ ಬಂದರು. ಮೊದಲು ಯಾರು ಬಾಯಿ ತೆರೆಯುತ್ತಾರೆಂದು ಇಬ್ಬರೂ ಕಾದರು. ಕಾದು ಕಾದು ಎರಡು ಐಸ್‌ಕ್ರೀಮು ತಿಂದು ಹೋದರು.

ಜುಲೈ 8, ಮಂಗಳವಾರ

ವಾರಿಜ ಬೆಳಿಗ್ಗೆಯೇ ಕಡಬಕ್ಕೆ ಹೋದಳು. ನಾಳೆಯ ಬಯಕೆಗೆ ತಿಂಡಿ ಮಾಡಲು ಅವರ ಮನೆಯಲ್ಲಿ ಜನ ಸಾಲದಂತೆ. ಬ್ಯಾಗು ದೊಡ್ಡದಿತ್ತು. ಸೀರೆಗಳಿರಬೇಕು.

ಮಧ್ಯಾಹ್ನ ನನಗೆ ಮೂರು ಮನೆಗಳಿಂದ ಊಟ ಬಂತು. ಆಸಿಯಾ ಅಕ್ಕಿಯ ಪತ್ತಿರ್ ರೊಟ್ಟಿ ಕಳಿಸಿದರು.

ಎ.ಸಿ. ರೂಮಿಗೆ ಸುಣ್ಣ ಹೊಡೆಸಿದ್ದು ಒಣಗಿದೆ. ಟವೆಲು ಹಗ್ಗದಲ್ಲೇ ಇದೆ. ನೋಡುವವರಿಲ್ಲ.

ಜುಲೈ 9, ಬುಧವಾರ

ಬಯಕೆ ಚೆನ್ನಾಗಿ ಆಯಿತು. ದೀಕ್ಷಿ ಹಸಿರು ಬಳೆ ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದ ಕೂಡಲೇ ಕೇಳಿದಳು.

"ರೂಮು ಎಂತಾಯಿತು ಅಪ್ಪ?"

ಮಾತಿನಲ್ಲಿ ಹೇಳಿದರೆ ನಂಬುವ ಮಗಳಲ್ಲ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಖಾಲಿ ರೂಮು, ಒಂದು ಮಂಚ, ಕಿಟಕಿ. ಅವಳು ದೊಡ್ಡದು ಮಾಡಿ ಮಾಡಿ ನೋಡಿದಳು.

"ಇಲ್ಲಿ ಕಿಟಕಿ ಇತ್ತಾ?"

"ಕಪಾಟಿನ ಹಿಂದೆ ಇತ್ತು."

ಅವಳು ಅಳಿಯ ಸಂಪ್ರೀತನ ಕಡೆ ತಿರುಗಿ, "ನನ್ನ ಬ್ಯಾಗು ಕಾರಿಗೆ ಹಾಕಿ" ಎಂದಳು.

ನಾನು ವಾರಿಜಳನ್ನು ನೋಡಿದೆ. ಅವಳು ಉಳಿದ ತಿಂಡಿ ಕಟ್ಟುತ್ತಿದ್ದಳು. ನಿನ್ನ ಬ್ಯಾಗು ಎಲ್ಲಿ ಎಂದು ಕೇಳಬೇಕೆಂದಿದ್ದೆ. ಫಲಿತಾಂಶಕ್ಕಾಗಿ ಮಾತ್ರ. ತಿಂಡಿಯ ಕಟ್ಟಿಗೆ ದಾರ ಹಿಡಿದುಕೊಟ್ಟೆ. "ನನ್ನದು ಬೆಳಿಗ್ಗೆಯಿಂದಲೇ ಡಿಕ್ಕಿಯಲ್ಲಿ ಉಂಟು" ಎಂದು ಅವಳೇ ಹೇಳಿದಳು.

ಕುಂಬ್ರದಲ್ಲಿ ಕಾರು ನಿಂತಾಗ ಜಂಕ್ಷನ್ನಿನಲ್ಲಿ ಇದ್ದವರೆಲ್ಲ ಎದ್ದು ನಿಂತಿದ್ದರು. ಮೊದಲು ದೀಕ್ಷಿ ಇಳಿದಳು. ಆಮೇಲೆ ವಾರಿಜ ಇಳಿದಳು.

"ಬಂದ್ರು," ಎಂದ ಸುಲೈಮಾನ್.

ಜುಲೈ 11, ಶುಕ್ರವಾರ

ಎ.ಸಿ. ರೂಮಿನಲ್ಲಿ ಈಗ ದೀಕ್ಷಿ. ನೆಮ್ಮದಿಯಿಂದ ನಿದ್ದೆ ಮಾಡುತ್ತಾಳೆ. ಅವಳೊಬ್ಬಳೇ ಬೇಡವೆಂದು ವಾರಿಜಳೂ ಅಲ್ಲೇ. ನಾನು ಹಾಲ್‌ನಲ್ಲಿ. ಪದೋನ್ನತಿ ಎಲ್ಲರಿಗೂ ಸಿಗುವುದಿಲ್ಲ.

ಬೆಳಿಗ್ಗೆ ಬೇಸರ ಕಳೆಯಲು ದೀಕ್ಷಿ ಸ್ಟುಡಿಯೋಗೆ ಬಂದು, ತನ್ನ ಮದುವೆ ನೋಡಬೇಕೆಂದು ಕಂಪ್ಯೂಟರಿನ ಮುಂದೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕರೆದಳು.

"ಅಪ್ಪ, ನೀವು ಡಿಲೀಟ್ ಮಾಡಿದ್ದು ಅಂದ್ರಿ. ಇಲ್ಲಿ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಎಲ್ಲ ಹಾಗೇ ಉಂಟಲ್ಲ."

ನೋಡಿದೆ. ಚಿನ್ಮಯ-ತೃಷಾ ಇದ್ದರು. ಅವರ ಕೆಳಗೆ ಜತ್ತಪ್ಪ-ವಾರಿಜ. ಅಳಿಸಿದ ಮೇಲೆ ಬುಟ್ಟಿಯನ್ನೂ ಖಾಲಿ ಮಾಡಬೇಕೆಂಬುದು, ಜೀವಮಾನದಲ್ಲಿ ಏನನ್ನೂ ಅಳಿಸದವನಿಗೆ ಹೇಗೆ ಗೊತ್ತಿರಬೇಕು? ಡಿಸ್ಕಿನಲ್ಲಿ ಜಾಗ ಹೆಚ್ಚಾಗದ್ದನ್ನು ನೋಡಿಯಾದರೂ ಸಂಶಯ ಬರಬೇಕಿತ್ತು.

ಅಂದರೆ ಏನೂ ಅಳಿಸಿರಲೇ ಇಲ್ಲ. ತೃಷಾ ಹೋದಾಗಲೂ ಅವಳ ಮದುವೆ ಇಲ್ಲೇ ಇತ್ತು. ನನ್ನ ಪ್ರಯೋಗವೂ ದಂಡ.

ವಾರಿಜ ಸೊಂಟಕ್ಕೆ ಕೈಯಿಟ್ಟು ಹಿಂದೆ ನಿಂತಿದ್ದಳು.

"ಹಾಗಾದ್ರೆ ಇಷ್ಟು ದಿನ ನೀವು ಕಾಯಿ ತುರಿದದ್ದು ಸುಮ್ಮನೆಯಾ? ನಾಳೆಯಿಂದ ನಾನೇ ತುರಿಯುದಾ?"

ಪ್ರಯೋಗದ ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಗೆ ತಿಳಿಯಿತೋ.

"ಎಂತ ಮಾಡುದು ಅಪ್ಪ?" ಎಂದಳು ದೀಕ್ಷಿ. "ವಾಪಸು ಹಾಕುದಾ, ಪೂರ್ತಿ ತೆಗೆಯುದಾ?"

ಚಿನ್ಮಯನದ್ದನ್ನು ವಾಪಸು ಹಾಕಿಸಿದೆ. ಅದು ಮ್ಯಾಂಗೋದಲ್ಲೇ ಇರಲಿ. ಆಮೇಲೆ ಮೌಸನ್ನು ನಾನೇ ತೆಗೆದುಕೊಂಡೆ. ನಮ್ಮದನ್ನು ಒಮ್ಮೆ ತೆರೆದು ನೋಡಿದೆವು. ಅಡ್ಡ ಗೆರೆ, ವಾರಿಜಳ ಒಂದು ಕಿವಿ. ಅವಳೂ ಬಗ್ಗಿ ನೋಡಿ, "ಆ ಓಲೆ ಈಗ ಇಲ್ಲ" ಎಂದಳು.

ಅರ್ಧಂಬರ್ಧ ಮಾಡಿದ್ದು ವಿಜ್ಞಾನವಾಗುವುದಿಲ್ಲ. ಪ್ರಯೋಗ ಮೊದಲಿನಿಂದ, ಸರಿಯಾಗಿ ನಡೆಯಬೇಕು. ಖಂಡಿತವಾ ಎಂದು ಅದು ಕೇಳಿತು. ಖಂಡಿತ ಎಂದೆ. ಬುಟ್ಟಿ ಖಾಲಿಯಾಯಿತು.

ಹಾಗಾಗಿ ಇವತ್ತೇ ಪ್ರಯೋಗದ ಮೊದಲ ದಿನ. ಎಷ್ಟು ಕಾಲ ನಡೆಸಬೇಕೆಂದೂ ಈಗಲೇ ಬರೆದಿಡಬೇಕು. ಮೂರು ವರ್ಷ ಖಂಡಿತ ಸಾಲದು.

ಮಧ್ಯಾಹ್ನಕ್ಕೆ ಕಾಯಿ ತುರಿದೆ. ನಾಳೆ ಪುತ್ತೂರಿಗೆ ಹೋಗಲಿಕ್ಕುಂಟು. ಮಲ್ಲಿಗೆ ತರಬೇಕು.